ಕುಳ್ಳ ಕುದುರೆ: ಬೇರೆ ತಳಿಯೇ, ಸಣ್ಣ ತಟ್ಟುವೇ?



ಅಮೆರಿಕದಲ್ಲಿ ‘ಮಿನಿಯೇಚರ್ ಹಾರ್ಸ್’ ಎಂಬ ಹೆಸರಿನಿಂದ ಸಾಕುವ ಕುದುರೆ ಮೂರಡಿಯ ಆಸುಪಾಸಿನದು. ದೊಡ್ಡ ಹೋತದ ಪಕ್ಕ ನಿಲ್ಲಿಸಿದರೆ ಯಾವುದು ಎತ್ತರವೆಂದು ಅಳೆದೇ ನೋಡಬೇಕು. ಇದೊಂದು ಬೇರೆಯೇ ತಳಿ ಎಂದು ಇದನ್ನು ಸಾಕುವವರು ಹೇಳುತ್ತಾರೆ. ಇದು ಇನ್ನಷ್ಟು ಗಿಡ್ಡಾದ ತಟ್ಟು, ಅಷ್ಟೇ ಎನ್ನುವವರೂ ಇದ್ದಾರೆ. ದೂರದ ಈ ವಾದದಿಂದ ಇಲ್ಲಿನ ರೈತನಿಗೇನು ಎಂದು ಕೇಳಬಹುದು. ಗಿಡ್ಡ ಜಾನುವಾರಿಗೆ ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರು ಈಗ ಇಲ್ಲಿಯೂ ಇದ್ದಾರೆ. ಕೊಡುವ ಹಣ ತಳಿಗೋ, ಬರಿಯ ಗಾತ್ರಕ್ಕೋ ಎಂಬುದು ಕೊಳ್ಳುವವನಿಗೂ ಮಾರುವವನಿಗೂ ತಿಳಿದಿರಬೇಕು.

ತಳಿ ಎಂದರೇನು? ತಂದೆ ತಾಯಿಗಳ ಲಕ್ಷಣ ಮರಿಯಲ್ಲಿ, ಆ ಮರಿಯ ಮರಿಯಲ್ಲಿಯೂ ತಪ್ಪದೆ ಇಳಿದು ಬರಬೇಕು. ಹೊರಗಿನ ರಕ್ತ ಮನಬಂದಂತೆ ಬೆರೆಯದೆ ವಂಶ ಉಳಿದಿರಬೇಕು. ಹಳ್ಳಿಕಾರ್ ಹೋರಿಯನ್ನು ಜಾತ್ರೆಯ ನೂರಾರು ದನಗಳ ನಡುವೆ ಕೊಂಬು, ಮುಖ, ಮೈಕಟ್ಟು ನೋಡಿಯೇ ರೈತ ಗುರುತಿಸುತ್ತಾನೆ. ಅದಕ್ಕೆ ಯಾರೂ ಅಳತೆಪಟ್ಟಿ ಹಿಡಿಯುವುದಿಲ್ಲ. ತಟ್ಟು ಎಂಬುದಾದರೋ ತಳಿಯ ಹೆಸರೇ ಅಲ್ಲ, ಗಾತ್ರದ ಹೆಸರು. ಹೆಗಲ ಬಳಿ ಸುಮಾರು 58 ಅಂಗುಲ ಮೀರದ ಕುದುರೆಯನ್ನು ಪಾಶ್ಚಾತ್ಯ ದೇಶಗಳಲ್ಲಿ ಸಾಮಾನ್ಯವಾಗಿ ಈ ಗುಂಪಿಗೆ ಸೇರಿಸುತ್ತಾರೆ. ಈ ಗುಂಪಿನಲ್ಲಿ ಹಲವು ತಳಿಗಳಿವೆ. ಭಾರತದ ಮಣಿಪುರಿ, ಸ್ಪಿತಿ, ಝನ್ಸ್ಕಾರಿ ಇವೆಲ್ಲವೂ ತಟ್ಟುಗಳೇ, ಆದರೂ ಒಂದೊಂದೂ ಒಂದೊಂದು ತಳಿ.

ಕುಳ್ಳ ಕುದುರೆಯ ಮೂಲವನ್ನು ಹುಡುಕುತ್ತ ಹೋದರೆ ಬಹುಪಾಲು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳನ್ನು ತಲುಪಬೇಕಾಗುತ್ತದೆ. ಅಲ್ಲಿ ಮರಗಳು ವಿರಳ, ಗಾಳಿ ವಿಪರೀತ, ಮೇವು ಅಷ್ಟಕ್ಕಷ್ಟೆ. ಕಡಿಮೆ ತಿಂದು ಬದುಕಬಲ್ಲ ಸಣ್ಣ ಮೈಯ, ದಟ್ಟ ಕೂದಲಿನ ಕುದುರೆಗಳೇ ಅಲ್ಲಿ ಉಳಿದವು. 1842ರಲ್ಲಿ ಬ್ರಿಟನ್ನಿನಲ್ಲಿ ಹೆಂಗಸರೂ ಹತ್ತು ವರ್ಷದೊಳಗಿನ ಹುಡುಗರೂ ಗಣಿಯೊಳಗೆ ದುಡಿಯಬಾರದೆಂದು ಕಾನೂನಾಯಿತು. ಕಲ್ಲಿದ್ದಲ ಗಣಿಗಳ ತಗ್ಗಾದ ಸುರಂಗಗಳಲ್ಲಿ ಗಾಡಿ ಎಳೆಯಲು ಈ ತಟ್ಟುಗಳಿಗೆ ಬೇಡಿಕೆ ಏರಿತು. 1870ರ ಸುಮಾರಿಗೆ ಲಂಡನ್‌ಡೆರಿಯ ಜಮೀನುದಾರರು ಬ್ರೆಸ್ಸೇ ಮತ್ತು ನಾಸ್ ದ್ವೀಪಗಳಲ್ಲಿ ಗಣಿಗೆಂದೇ ಇವುಗಳ ಸಾಕಣೆ ಕೇಂದ್ರ ತೆರೆದು, ಗಿಡ್ಡ ಕಾಲು, ದಪ್ಪ ಮೈಯವನ್ನೇ ಆರಿಸಿ ಮರಿ ಮಾಡಿಸಿದರು. 1890ರಲ್ಲಿ ವಂಶಾವಳಿ ಪುಸ್ತಕಕ್ಕಾಗಿ ಸಂಘವೇ ಏರ್ಪಟ್ಟಿತು. ಒಳ್ಳೆಯ ಹುಲ್ಲುಗಾವಲಿಗೆ ಒಯ್ದು ತಲೆಮಾರುಗಟ್ಟಲೆ ಮೇಯಿಸಿದರೂ ಶೆಟ್ಲೆಂಡ್ ತಟ್ಟು ಶೆಟ್ಲೆಂಡ್ ತಟ್ಟುವಾಗಿಯೇ ಉಳಿಯುತ್ತದೆ. ಇದು ತಳಿ ಎನ್ನಲು ಯಾರೂ ಹಿಂಜರಿಯುವುದಿಲ್ಲ.

ಅಮೆರಿಕದ ಕಥೆ ಬೇರೆ. ಅಲ್ಲಿ ಶೆಟ್ಲೆಂಡ್ ತಟ್ಟುವಿನ ಸಂಘ 1888ರಷ್ಟು ಹಿಂದೆಯೇ ಹುಟ್ಟಿತ್ತು. 1950ರ ದಶಕದಲ್ಲಿ ಈ ತಟ್ಟುಗಳ ಬೆಲೆ ಹುಚ್ಚೆದ್ದು ಏರಿ, ಮುಂದಿನ ದಶಕದಲ್ಲಿ ಅಷ್ಟೇ ವೇಗವಾಗಿ ನೆಲ ಕಚ್ಚಿತು. ಆ ಬಳಿಕ, 1972ರಲ್ಲಿ, ಅದೇ ಸಂಘ ಕುಳ್ಳ ಕುದುರೆಗಳಿಗೆಂದು ಪ್ರತ್ಯೇಕ ನೋಂದಣಿ ಪುಸ್ತಕ ತೆರೆಯಿತು. 1978ರಲ್ಲಿ ಇನ್ನೊಂದು ಸಂಘ ಹುಟ್ಟಿತು. ಇದರ ಮಿತಿ 34 ಅಂಗುಲ. ಮೊದಲಿನ ಸಂಘ 34 ಅಂಗುಲದವರೆಗೆ ಒಂದು ವರ್ಗ, 38ರವರೆಗೆ ಇನ್ನೊಂದು ವರ್ಗ ಎಂದು ಮಾಡಿಕೊಂಡಿತು. ಅಳತೆಯನ್ನೂ ಹೆಗಲ ತುದಿಯಲ್ಲಿ ತೆಗೆಯುವುದಿಲ್ಲ, ಜೂಲಿನ ಕೊನೆಯ ಕೂದಲಿರುವಲ್ಲಿ ತೆಗೆಯುತ್ತಾರೆ. ಅಲ್ಲಿ ಅಳತೆ ಸ್ವಲ್ಪ ಕಡಿಮೆಯೇ ಬರುತ್ತದೆ!

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ತಂದೆ ತಾಯಿ ಎರಡೂ ನೋಂದಾಯಿತವಾಗಿದ್ದರೂ 34 ಅಂಗುಲದ ಸಂಘದಲ್ಲಿ ಮರಿ ಬೆಳೆದು ಮಿತಿ ಮೀರಿದರೆ ಅದನ್ನು ಆ ಮಿತಿಯ ಕುಳ್ಳ ಕುದುರೆಯೆಂದು ಎಣಿಸುವುದಿಲ್ಲ. ಇನ್ನೊಂದೆಡೆ, ಒಂದೇ ಕುದುರೆ ಶೆಟ್ಲೆಂಡ್ ತಟ್ಟುವೆಂದೂ ಕುಳ್ಳ ಕುದುರೆಯೆಂದೂ ಎರಡು ಪುಸ್ತಕಗಳಲ್ಲಿ ದಾಖಲಾಗಿರುವುದು ಅಲ್ಲಿ ಸಾಮಾನ್ಯ. ಒಂದು ಅಂಗುಲ ಬೆಳೆದ ಮಾತ್ರಕ್ಕೆ ತಳಿ ಬದಲಾಗುವುದಾದರೆ ಅದನ್ನು ತಳಿ ಎನ್ನುವುದು ಹೇಗೆ? ಹೀಗಾಗಿ ಅಮೆರಿಕದ ಕುಳ್ಳ ಕುದುರೆಯನ್ನು ತಳಿ ಎನ್ನುವುದಕ್ಕಿಂತ ಎತ್ತರದ ವರ್ಗ ಎನ್ನುವುದೇ ಸರಿ. ಬಹುಪಾಲು ಅದು ಶೆಟ್ಲೆಂಡಿನ ಮೊಮ್ಮಗ. ಆದರೆ ಆರ್ಜೆಂಟೀನದ ಫಲಬೆಲ್ಲ ಕುದುರೆಗೆ ತಳಿ ಎನ್ನುವ ಹಕ್ಕು ಹೆಚ್ಚು. ಅಲ್ಲಿ ಒಂದೇ ಕುಟುಂಬ ಹತ್ತೊಂಬತ್ತನೆಯ ಶತಮಾನದಿಂದ ತಲೆಮಾರುಗಳ ಕಾಲ ವಂಶವನ್ನು ಆರಿಸಿ ಬೆಳೆಸಿತು. ಅದರಲ್ಲಿಯೂ ಶೆಟ್ಲೆಂಡ್, ವೆಲ್ಷ್ ತಟ್ಟುಗಳ ರಕ್ತ ಬೆರೆತದ್ದುಂಟು.

ಕುದುರೆಯ ಗಾತ್ರವನ್ನು ಇಷ್ಟು ಬೇಗ ಇಳಿಸಲು ಸಾಧ್ಯವಾದದ್ದು ಹೇಗೆ? ಕುದುರೆ ತಳಿಗಳ ನಡುವಣ ಗಾತ್ರದ ವ್ಯತ್ಯಾಸದಲ್ಲಿ ಹೆಚ್ಚಿನ ಪಾಲು ಕೇವಲ ನಾಲ್ಕು ವಂಶವಾಹಿ ತಾಣಗಳಿಂದ ಉಂಟಾಗುವುದೆಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆದ್ದರಿಂದ ಗಿಡ್ಡವನ್ನು ಗಿಡ್ಡಕ್ಕೆ ಕೂಡಿಸುತ್ತ ಹೋದರೆ ಕೆಲವೇ ತಲೆಮಾರುಗಳಲ್ಲಿ ಗಾತ್ರ ಇಳಿಯುತ್ತದೆ. ಆದರೆ ಗಾತ್ರವೊಂದನ್ನೇ ಹಿಂಬಾಲಿಸಿದವರಿಗೆ ಇನ್ನೊಂದು ಕೇಡೂ ಜೊತೆಗೆ ಬಂತು. ಮೆದು ಎಲುಬಿನ ಬೆಳವಣಿಗೆಗೆ ಸಂಬಂಧಿಸಿದ ಒಂದು ವಂಶವಾಹಿ ಕೆಟ್ಟರೆ ದೊಡ್ಡ ತಲೆ, ಸೊಟ್ಟ ಕಾಲು, ಮುಂಚಾಚಿದ ಕೆಳದವಡೆಯ ಕುಬ್ಜ ಮರಿ ಹುಟ್ಟುತ್ತದೆ. ಈ ದೋಷವನ್ನು ಒಂದು ಪಾಲು ಮಾತ್ರ ಹೊತ್ತ ಪ್ರಾಣಿ ನೋಡಲು ಆರೋಗ್ಯವಾಗಿಯೇ ಇರುತ್ತದೆ. ಅಂತಹ ಎರಡನ್ನು ಕೂಡಿಸಿದಾಗ ನಾಲ್ಕರಲ್ಲಿ ಒಂದು ಮರಿಗೆ ದೋಷ ಎರಡೂ ಕಡೆಯಿಂದ ಇಳಿಯುವ ಸಂಭವವಿದೆ. ಕೆಲವು ಬಗೆಯಲ್ಲಿ ಗರ್ಭವೇ ನಿಲ್ಲುವುದಿಲ್ಲ. ಈಗ ಇದಕ್ಕೆ ವಂಶವಾಹಿ ಪರೀಕ್ಷೆ ಇದೆ. ಕುಳ್ಳ ಕುದುರೆಗಳಲ್ಲಿ ಈಯುವಾಗ ಮರಿ ಸಿಕ್ಕಿಕೊಳ್ಳುವುದೂ, ಪುಟ್ಟ ದವಡೆಯಲ್ಲಿ ಹಲ್ಲು ಒತ್ತೊತ್ತಾಗಿ ಬೆಳೆಯುವುದೂ ಹೆಚ್ಚು. ಕೊಂಡ ಬೆಲೆಯ ಜೊತೆಗೆ ಈ ಖರ್ಚನ್ನೂ ಲೆಕ್ಕ ಹಾಕಬೇಕು.

ಕರ್ನಾಟಕದ ಮಲೆನಾಡು ಗಿಡ್ಡವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಸಂಗತಿ ಇನ್ನೂ ಸ್ಪಷ್ಟವಾಗುತ್ತದೆ. ಬಹಳ ವರ್ಷ ಅದನ್ನು ಊರದನ, ಮೇವಿಲ್ಲದೆ ಕುಗ್ಗಿದ ದನ ಎಂದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆದರೆ ಸುರಿಮಳೆಯಲ್ಲಿ ಗುಡ್ಡ ಮೇದು ಬರುವ ಈ ದನದ ಗಿಡ್ಡತನ ಹಸಿವಿನಿಂದ ಬಂದದ್ದಲ್ಲ. ಬಯಲುಸೀಮೆಗೆ ತಂದು ಹೊಟ್ಟೆ ತುಂಬ ಮೇವು ಹಾಕಿದರೂ ಅದರ ಕರು ಗಿಡ್ಡವಾಗಿಯೇ ಬೆಳೆಯುತ್ತದೆ. ಅದಕ್ಕೆ ಅಂಗುಲದ ಮಿತಿ ಹಾಕಿದವರಿಲ್ಲ. ಕರ್ನಾಲಿನ ರಾಷ್ಟ್ರೀಯ ಪಶು ಅನುವಂಶೀಯ ಸಂಪನ್ಮೂಲ ಸಂಸ್ಥೆ ಇದನ್ನು ಪ್ರತ್ಯೇಕ ತಳಿಯೆಂದು ದಾಖಲಿಸಿದೆ. ಹಾಲು, ಹಿಂಡಿ ಸಾಲದೆ ಕುಗ್ಗಿದ ಮಿಶ್ರತಳಿ ಕರುವೂ ಗಿಡ್ಡವಾಗಿಯೇ ಕಾಣುತ್ತದೆ. ಅದರ ಸಂತಾನ ಮಾತ್ರ ಗಿಡ್ಡವಾಗಿರುವುದಿಲ್ಲ.

ಆದ್ದರಿಂದ ಗಿಡ್ಡ ಹಸುವಿಗಾಗಲಿ ತಟ್ಟುವಿಗಾಗಲಿ ಹೆಚ್ಚು ಬೆಲೆ ಹೇಳಿದಾಗ ಅಳತೆಪಟ್ಟಿಯನ್ನು ಬದಿಗಿಟ್ಟು ಅದರ ತಾಯಿಯನ್ನು ನೋಡಬೇಕು. ಬೀಜದ ಹೋರಿ ಯಾರ ಮನೆಯದೆಂದು ವಿಚಾರಿಸಬೇಕು. ಹಿಂದಿನ ಸೂಲಿನ ಕರು ಎಲ್ಲಿದೆ, ಎಷ್ಟು ಬೆಳೆದಿದೆ ಎಂದು ಹೋಗಿ ಕಣ್ಣಾರೆ ನೋಡಬೇಕು. ಹಲ್ಲು ನೋಡಿ ವಯಸ್ಸು ತಿಳಿಯುವುದನ್ನೂ ಮರೆಯಬಾರದು. ಬೆಳೆಯುವ ಕರುವನ್ನು ಬೆಳೆದು ನಿಂತ ಗಿಡ್ಡ ಎಂದು ಕೊಂಡವನಿಗೆ ವರ್ಷ ಕಳೆಯುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಬೇರೆಯೇ ದನ ಕಂಡೀತು.