80 ಸೀಟು ಸರಿ, ಉಳಿದ ಮಕ್ಕಳು?

ಇವತ್ತು ರಾಜಕೀಯ ಬೇಡ. ಒಂದು ಪರೀಕ್ಷೆಯ ವಿಷಯ ಮಾತಾಡೋಣ. ಅದನ್ನು ಬರೆಯೋರಿಗೆ ವೋಟಿಲ್ಲ. ಅವರಿಗಿನ್ನೂ ಹತ್ತು ಹನ್ನೊಂದು ವರ್ಷ.

ನಮ್ಮ ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿ ಜವಾಹರ ನವೋದಯ ವಿದ್ಯಾಲಯ ಇದೆ. ಇಡೀ ಚಿತ್ರದುರ್ಗ ಜಿಲ್ಲೆಗೆ ಅದೊಂದೇ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕೂಸು. ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲ ಉಚಿತ. ಹಳ್ಳಿಯ ಜಾಣ ಮಗುವಿಗೆ ಅಪ್ಪನ ಜೇಬು ಅಡ್ಡ ಬರಬಾರದು ಅನ್ನೋದು ಉದ್ದೇಶ. ಒಳ್ಳೆಯ ಉದ್ದೇಶವೇ.

ನಾನು ಎಂಜಿನಿಯರಿಂಗ್ ಓದಿದವನು. ಒಂದು ಲೆಕ್ಕ ಹಾಕ್ತೀನಿ, ನೋಡಿ. ಆರನೇ ತರಗತಿಗೆ ವರ್ಷಕ್ಕೆ ಹೆಚ್ಚೆಂದರೆ 80 ಸೀಟು. ಅದರಲ್ಲಿ ಶೇ. 75, ಅಂದರೆ 60, ಹಳ್ಳಿಯಲ್ಲಿ ಓದಿದವರಿಗೆ. ಜಿಲ್ಲೆಯಲ್ಲಿ ಆರು ತಾಲ್ಲೂಕು. ಸಮನಾಗಿ ಹಂಚಿದರೂ ತಾಲ್ಲೂಕಿಗೆ ಹತ್ತೇ ಹತ್ತು.

ಈಗ ಪ್ರಶ್ನೆಪತ್ರಿಕೆಗೆ ಬನ್ನಿ. 100 ಅಂಕ, ಎರಡು ಗಂಟೆ. ಗಣಿತಕ್ಕೆ 25, ಭಾಷೆಗೆ 25. ಉಳಿದ 50 ಮಾನಸಿಕ ಸಾಮರ್ಥ್ಯಕ್ಕೆ. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತೆ, ಹೀಗೆ. ಇದು ಹುಟ್ಟುಜಾಣತನ ಅಳೆಯುತ್ತೆ ಅಂತಾರೆ. ಹಾಗಿದ್ದರೆ ಇದಕ್ಕೆ ಕೋಚಿಂಗ್ ಯಾಕೆ ನಡೆಯುತ್ತೆ, ಸ್ವಾಮಿ? ಶಾಲೆಯಲ್ಲಿ ಅಭ್ಯಾಸ ಮಾಡಿಸದ ಅರ್ಧ ಪೇಪರ್ ಅನ್ನು ದುಡ್ಡು ಇದ್ದವರು ಹೊರಗೆ ಕಲೀತಾರೆ. ಇನ್ನೊಂದು ವಿಷಯ. ಗ್ರಾಮೀಣ ಸೀಟಿಗೆ ಮೂರು, ನಾಲ್ಕು, ಐದನೇ ತರಗತಿ ಹಳ್ಳಿಯಲ್ಲಿ ಓದಿರಬೇಕು. ಮಾನ್ಯತೆ ಪಡೆದ ಖಾಸಗಿ ಶಾಲೆಯಾದರೂ ಆಯ್ತು. ನಿಯಮ ಕೇಳೋದು ಊರನ್ನ, ಫೀಸನ್ನಲ್ಲ.

ನನ್ನದೇ ಕಥೆ ಹೇಳ್ತೀನಿ. ಐದನೇ ಕ್ಲಾಸಲ್ಲಿ ನನಗೆ ಈ ಅರ್ಜಿ ತಂದುಕೊಟ್ಟಿದ್ದು ಪೇಟೆಯಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ. ನಮ್ಮ ಕ್ಲಾಸಲ್ಲಿ ಒಬ್ಬಳು ಹುಡುಗಿ, ಬಾಯಿಲೆಕ್ಕದಲ್ಲಿ ನನಗಿಂತ ಎಷ್ಟೋ ಮುಂದೆ. ಅವಳಿಗೆ ಅಂಥ ಚಿಕ್ಕಪ್ಪ ಇರಲಿಲ್ಲ. ನಾನು ಬರೆದೆ, ಆಯ್ಕೆ ಆಗಲಿಲ್ಲ. ಆದರೂ ಹೇಗೋ ಓದಿ ಇಲ್ಲಿ ಕೂತಿದ್ದೀನಿ. ಅವಳು ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು. ಅವಳು ಫೇಲಾಗಲಿಲ್ಲ ವೀಕ್ಷಕರೇ, ಪರೀಕ್ಷೆಗೇ ಕೂರಲಿಲ್ಲ. ಈ ಪರೀಕ್ಷೆ ಬರೆಯೋಕೆ ಅವಕಾಶ ಒಂದೇ ಸಲ. ಆ ವರ್ಷ ತಪ್ಪಿದರೆ ಮುಗೀತು.

ಹಾಗಾದ್ರೆ ನವೋದಯ ಮುಚ್ಚಬೇಕಾ? ಖಂಡಿತ ಬೇಡ. ಅಲ್ಲಿ ಓದಿ ಮೇಲೆ ಬಂದ ಕೂಲಿಕಾರರ ಮಕ್ಕಳ ಹೊಟ್ಟೆ ಮೇಲೆ ಹೊಡೆಯೋ ಮಾತು ನಾನಾಡಲ್ಲ. ನಾನು ಕೇಳೋದು ಎರಡೇ. ಒಂದು, ಐದನೇ ತರಗತಿಯ ಪ್ರತಿ ಮಗುವಿನ ಅರ್ಜಿ ಸರ್ಕಾರಿ ಶಾಲೆಯಲ್ಲೇ ತುಂಬಿಸಿ, ವಾರಕ್ಕೊಂದು ಗಂಟೆ ಆ ಚಿತ್ರದ ಪ್ರಶ್ನೆಗಳನ್ನು ಅಲ್ಲೇ ಕಲಿಸಿ. ಎರಡು, ಆಯ್ಕೆ ಆಗದ ಮಕ್ಕಳು ಮರುದಿನ ಹೋಗೋ ಶಾಲೆಗೆ ಮೇಷ್ಟ್ರನ್ನ ಕೊಡಿ.

2022ರಲ್ಲಿ ನಮ್ಮ ವಾಣಿ ವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿತ್ತು. ಜನ ಜಾತ್ರೆ ಥರ ನೋಡೋಕೆ ಹೋದರು. ಆದರೆ ಡ್ಯಾಂ ತುಂಬಿದ ಖುಷಿ ರೈತನಿಗೆ ಪೂರ್ತಿ ಆಗೋದು ಕಾಲುವೆಯ ಕೊನೇ ತೋಟಕ್ಕೆ ನೀರು ಹರಿದಾಗ. ಉಡುವಳ್ಳಿ ಶಾಲೆಯ ರಿಸಲ್ಟ್ ನೋಡಿ ಹೆಮ್ಮೆ ಪಡೋಣ. ಹಾಗೇ ನಿಮ್ಮೂರ ಶಾಲೆಗೂ ಒಂದು ಸಲ ಹೋಗಿ ಬನ್ನಿ. ಐದನೇ ಕ್ಲಾಸಲ್ಲಿ ಎಷ್ಟು ಮಕ್ಕಳಿದ್ದಾರೆ, ಎಷ್ಟು ಅರ್ಜಿ ಹೋಗಿವೆ, ಕೇಳಿ.