ಸೊನ್ನೆಯನ್ನೂ ಬರೆದಿಡೋಣ



ಪಕ್ಷಿಧಾಮಕ್ಕೊಂದು ಅಧ್ಯಯನ ಕೇಂದ್ರ ಬೇಕೆಂದಾಗ ನಮ್ಮಲ್ಲಿ ಮೊದಲು ಏಳುವುದು ಕಟ್ಟಡ. ಉದ್ಘಾಟನೆ ಆಗುತ್ತದೆ, ಗೋಡೆಗೆ ಚಿತ್ರಗಳು ಬರುತ್ತವೆ. ಆಮೇಲೆ ಅಲ್ಲಿ ದಿನವೂ ಯಾರು ಏನು ಮಾಡಬೇಕು ಎಂಬುದು ಗೊತ್ತಿರುವುದಿಲ್ಲ. ನನ್ನನ್ನು ಕೇಳಿದರೆ ಮೊದಲು ಬೇಕಾದ್ದು ಒಂದು ದಪ್ಪ ಪುಸ್ತಕ ಮತ್ತು ಅದನ್ನು ತಪ್ಪದೆ ಬರೆಯುವ ಒಬ್ಬ ಮನುಷ್ಯ. ದಿನಾಂಕ, ಹೊತ್ತು, ನೀರಿನ ಮಟ್ಟ, ಯಾವ ಹಕ್ಕಿ, ಎಷ್ಟು, ನೋಡಿದವರು ಯಾರು. ಒಂದೂ ಕಾಣದ ದಿನ ಸೊನ್ನೆ ಎಂದು ಬರೆಯಬೇಕು. ಹಕ್ಕಿ ಬರಲಿಲ್ಲವೋ, ನೋಡುವವರೇ ಹೋಗಲಿಲ್ಲವೋ ಎಂಬುದು ಹತ್ತು ವರ್ಷದ ನಂತರ ಆ ಸೊನ್ನೆಯಿಂದಲೇ ತಿಳಿಯುವುದು.

ರಂಗನತಿಟ್ಟನ್ನು ನೋಡಿ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. ಒಂದು ಚದರ ಕಿಲೋಮೀಟರಿನಷ್ಟೂ ಇಲ್ಲ. 2022ರಲ್ಲಿ ಅದು ರಾಜ್ಯದ ಮೊದಲ ರಾಮ್ಸಾರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿ ಸೇರಿತು. ಬೇಸಿಗೆಯಲ್ಲಿ ಕಾವೇರಿ ಇಳಿದಾಗ ನದಿ ರೀವಗಳು ಬರಿಯ ಬಂಡೆಯ ಮೇಲೆ ಮೊಟ್ಟೆಯಿಡುತ್ತವೆ. ಮೇಲಿನ ಕೃಷ್ಣರಾಜಸಾಗರ ಅಣೆಕಟ್ಟೆಯಿಂದ ಹಠಾತ್ತನೆ ನೀರು ಬಿಟ್ಟರೆ ಆ ಮೊಟ್ಟೆಗಳ ಗತಿ ಏನು? ರೈತನಿಗೂ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ದಿನ ಇಷ್ಟು ನೀರು ಬಂತು, ಇಂಥ ಬಂಡೆಯ ಇಷ್ಟು ಗೂಡು ಮುಳುಗಿತು ಎಂದು ನೀರಾವರಿ ಇಲಾಖೆಯ ಮುಂದೆ ಕೂತು ಹೇಳಲು ಲೆಕ್ಕ ಕೈಯಲ್ಲಿರಬೇಕು. ಬರಿಯ ಕಳಕಳಿಗೆ ಅಲ್ಲಿ ಬೆಲೆಯಿಲ್ಲ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಿಂದ ನಾವು ಕಲಿಯಬೇಕಾದ್ದು ಇನ್ನೂ ಹೆಚ್ಚು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆ ಹಿತ್ತಲಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಹುಣಸೆ ಫಸಲು ಹಾಳಾಗುತ್ತದೆಂದು ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಮರದ ಬುಡದ ಹಿಕ್ಕೆ ಗದ್ದೆಗೆ ಗೊಬ್ಬರ. ಗೂಡಿನಿಂದ ಬಿದ್ದ ಮರಿಗಳನ್ನು ‘ಹೆಜ್ಜಾರ್ಲೆ ಬಳಗ’ ಎಂಬ ಊರಿನ ತಂಡದ ಹುಡುಗರು ಬಲೆ ಕಟ್ಟಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುತ್ತಾರೆ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಮುಂದೆ 2017ರ ಕೊನೆಗೆ ಹೆಜ್ಜಾರ್ಲೆಗಳು ಒಂದೊಂದಾಗಿ ಸಾಯತೊಡಗಿದವು. ಶವಪರೀಕ್ಷೆಯಲ್ಲಿ ಹೊಟ್ಟೆಯ ತುಂಬ ಜಂತುಹುಳು. ಹಕ್ಕಿ ತಿನ್ನುವ ಮೀನು, ಮೀನು ಬೆಳೆಯುವ ಕೆರೆ, ಕೆರೆಗೆ ಸೇರುವ ಕೊಳೆ, ಎಲ್ಲವನ್ನೂ ಹಿಡಿದು ನೋಡಬೇಕಾದ ಪ್ರಶ್ನೆ ಅದು. ಸತ್ತ ಹಕ್ಕಿಯನ್ನು ಮೊದಲು ಕಾಣುವವರು ಊರಿನವರೇ. ಅವರಿಗೂ ಪಶುವೈದ್ಯರಿಗೂ ನಡುವೆ ಅದೇ ದಿನ ಸಂಪರ್ಕ ಕಲ್ಪಿಸುವುದು ಕೇಂದ್ರದ ಕೆಲಸ.

ಈಗ ನಮ್ಮ ಮಂಗಳೂರಿನ ಮಾತು. ನೇತ್ರಾವತಿ, ಫಲ್ಗುಣಿ ಎರಡೂ ಕೂಡಿ ಕಡಲು ಸೇರುವ ಅಳಿವೆ ನಮ್ಮ ಪೇಟೆಯ ಮಗ್ಗುಲಲ್ಲೇ ಇದೆ. ಇಳಿತದ ಹೊತ್ತಿಗೆ ಕೆಸರು ತೆರೆದುಕೊಂಡಾಗ ಒಂದು ಕಡೆ ಮರುವಾಯಿ ಚಿಪ್ಪು ಹೆಕ್ಕುವ ಜನ, ಇನ್ನೊಂದು ಕಡೆ ಉತ್ತರದ ಚಳಿ ತಪ್ಪಿಸಿಕೊಂಡು ಬಂದ ಉಲ್ಲಂಕಿ, ಗೊರವಗಳು. ಇಬ್ಬರ ಊಟವೂ ಒಂದೇ ಕೆಸರಿನಲ್ಲಿ. ಉತ್ತರ ಕನ್ನಡದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ನಮ್ಮ ಅಳಿವೆಗೆ ಅಂಥ ಪಟ್ಟವಿಲ್ಲ, ಒಂದು ದಡದಲ್ಲಿ ಬಂದರು, ಹಿಂದೆ ನಗರ. ಪಟ್ಟ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರವಿದೆ, ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ವಿಭಾಗಗಳಿವೆ, ಮಕ್ಕಳಿಗಾಗಿ ‘ಬಾಲಪ್ರಪಂಚ’ ಬರೆದ ಶಿವರಾಮ ಕಾರಂತರು ಬಾಳಿದ ಜಿಲ್ಲೆ ಇದು. ಅಳಿವೆಯ ದಡದ ಬೆಂಗ್ರೆಯ ಕಡೆ ಒಂದು ಕೋಣೆ, ಒಂದು ದೂರದರ್ಶಕ, ಉಬ್ಬರವಿಳಿತದ ಪಟ್ಟಿ, ಮತ್ತು ನಾನು ಆಗಲೇ ಹೇಳಿದ ಪುಸ್ತಕ. ಇಷ್ಟಿದ್ದರೆ ಕೇಂದ್ರ ಶುರುವಾಗುತ್ತದೆ. ಪಾಠ ಹೇಳಲು ದೋಣಿಯವರನ್ನೇ ಕರೆಯಿರಿ, ಅವರ ಸಮಯಕ್ಕೆ ಗೌರವಧನ ಕೊಡಿ. ಮಕ್ಕಳನ್ನು ಬಸ್ಸಿನಲ್ಲಿ ಒಮ್ಮೆ ತಂದು ತೋರಿಸಿ ಕಳಿಸಿದರೆ ಸಾಲದು. ಅದೇ ಮಗು ಅದೇ ದಡಕ್ಕೆ ಮಳೆಗಾಲದಲ್ಲೂ ಚಳಿಗಾಲದಲ್ಲೂ ಬರಬೇಕು, ತಾನು ಎಣಿಸಿದ್ದನ್ನು ತಾನೇ ಬರೆಯಬೇಕು.

ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತ ಬಂದಿದೆ. ಬರುವ ಜನವರಿಗೆ ಕೂಳೂರು ಸೇತುವೆಯಿಂದ ಬೆಂಗ್ರೆಯವರೆಗಿನ ದಡವನ್ನು ತುಂಡು ತುಂಡಾಗಿ ಹಂಚಿಕೊಳ್ಳೋಣ. ಊಟಕ್ಕೆ ಏಳುವ ಮುನ್ನ ಯಾವ ತುಂಡು ಯಾರದೆಂದು ದಯವಿಟ್ಟು ಹೆಸರು ಬರೆಸಿ ಹೋಗಿ.