ಮಾತೂ ಲೆಕ್ಕವೂ ಒಂದೇ ದಾರಿಯಲ್ಲಿ

ಭಟ್ಕಳದಿಂದ ಹೊನ್ನಾವರವನ್ನು ಹಾದು ಕುಮಟಾಕ್ಕೆ ಸುಮಾರು 60 ಕಿಲೋಮೀಟರುಗಳ ಹಾದಿ. ಬ್ಯಾಂಕಿನ ನೌಕರಿಯ ನಿಮಿತ್ತ ಈ ಮೂರೂ ಊರುಗಳ ಅನ್ನ ಉಂಡವನು ನಾನು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಕುಮಟಾದಿಂದ ಹುಬ್ಬಳ್ಳಿಗೆ ಒಂದು ಮಾತು ಮುಟ್ಟಿಸಬೇಕಾದರೆ ಟ್ರಂಕ್ ಕಾಲ್ ಬರೆಸಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. ಲೆಕ್ಕಪತ್ರಗಳು ಅಂಚೆಯ ಚೀಲದಲ್ಲಿ ಘಟ್ಟ ಹತ್ತುತ್ತಿದ್ದವು. ಮಾತಿಗೆ ಒಂದು ದಾರಿ, ಲೆಕ್ಕಕ್ಕೆ ಇನ್ನೊಂದು. ಇಂದು ಎರಡೂ ಒಂದೇ ಪೆಟ್ಟಿಗೆಯೊಳಗೆ ಬಂದು ಕುಳಿತಿವೆ. ಆ ಪೆಟ್ಟಿಗೆಯನ್ನು ಕುರಿತು ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ.

ಐದಾರು ಮಂದಿ ದುಡಿಯುವ ಸಣ್ಣ ಶಾಖೆಗೆ ದೂರವಾಣಿಗಾಗಿ ಒಂದು ಯಂತ್ರ, ಗಣಕಗಳಿಗಾಗಿ ಮತ್ತೊಂದು ಯಂತ್ರ ಎಂದರೆ ಭಾರವೇ. ಆದುದರಿಂದ ಎರಡರ ಕೆಲಸವನ್ನೂ ಮಾಡುವ, ಲೆಡ್ಜರಿನ ಗಾತ್ರದ ಪೆಟ್ಟಿಗೆಯೊಂದು ಗೋಡೆಯ ಮೇಲೆ ಬಂತು. ಟೆಲಿಫೋನುಗಳೂ ಗಣಕಗಳೂ ಅದಕ್ಕೆ ಸೇರುತ್ತವೆ. ಹೊರಗೆ ಹೋಗುವ ತಂತಿ ಮಾತ್ರ ಒಂದೇ.

ಇದು ಸಾಧ್ಯವಾದುದು ಹೇಗೆ? 1937ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಎಂಜಿನಿಯರಿಗೆ, ಧ್ವನಿಯನ್ನು ಅಂಕಿಗಳಾಗಿ ಬರೆದು ಕಳಿಸಬಹುದೆಂದು ಹೊಳೆಯಿತು. ಮುಂದೆ ನೆಲೆಗೊಂಡ ಕ್ರಮದಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತಾರೆ. ಪ್ರತಿ ಅಳತೆಯನ್ನೂ ಒಂದು ಸೊನ್ನೆಗಳ 8 ಅಂಕಿಗಳಲ್ಲಿ ಬರೆಯುತ್ತಾರೆ. ಹೀಗೆ ಒಂದು ಸೆಕೆಂಡಿನ ಮಾತಿಗೆ 64,000 ಅಂಕಿಗಳು. ನಮ್ಮ ನಾಡಿನ ಹಳ್ಳಿಗಾಡಿಗೆ ಈ ವಿದ್ಯೆ ಬಂದುದಕ್ಕೆ ಕಿತ್ತೂರು ಸಾಕ್ಷಿ. ಸಿ-ಡಾಟ್ ಸಂಸ್ಥೆ ರೂಪಿಸಿದ, ಹವಾನಿಯಂತ್ರಣವನ್ನು ಬೇಡದ 128 ದ್ವಾರಗಳ ಗ್ರಾಮೀಣ ವಿನಿಮಯ ಕೇಂದ್ರ ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ಆ ಊರಿನಲ್ಲಿ. ಮಾತು ಅಂಕಿಯಾದ ಮೇಲೆ ಅದಕ್ಕೂ ಲೆಕ್ಕಕ್ಕೂ ಕುಲಭೇದ ಉಳಿಯಲಿಲ್ಲ. ಇಬ್ಬರೂ ಒಂದೇ ಬಂಡಿ ಏರಬಹುದಾಯಿತು.

ಆದರೆ ಸ್ವಭಾವಭೇದ ಉಳಿಯಿತು. ಲೆಕ್ಕ ತಡವಾಗಿ ಬಂದರೆ ಕೆಡುಕಿಲ್ಲ. ಒಂದಂಕಿ ತಪ್ಪಿದರೆ ಅನರ್ಥ. ಮಾತಿನಲ್ಲಿ ಒಂದು ಚೂರು ಕಳೆದರೆ ಕಿವಿ ತುಂಬಿಕೊಳ್ಳುತ್ತದೆ. ತಡವಾದರೆ ಸಂಭಾಷಣೆಯೇ ಮುರಿಯುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತು ಮುಟ್ಟಲು ಸೆಕೆಂಡಿನ ಸಾವಿರದಲ್ಲಿ 150 ಪಾಲಿಗಿಂತ ಹೆಚ್ಚು ಹಿಡಿಯಬಾರದೆಂದು ಬಲ್ಲವರ ಮತ. ಸೆಕೆಂಡಿಗೆ 64,000 ಅಂಕಿ ಸಾಗುವ ತಂತಿಯಲ್ಲಿ 12,000 ಅಂಕಿಗಳ ಒಂದೇ ಒಂದು ಲೆಕ್ಕದ ಕಟ್ಟು ಹೋದರೆ 187 ಪಾಲು ಹಿಡಿಯಿತು! ದೇವಿಮನೆ ಘಟ್ಟದ ತಿರುವಿನಲ್ಲಿ ಅಡಿಕೆಯ ಲಾರಿಯ ಹಿಂದೆ ಸಿಕ್ಕಿಬಿದ್ದ ರೋಗಿಯ ವಾಹನದಂತೆ ಮಾತಿನ ಸ್ಥಿತಿ. ಆದುದರಿಂದ ಪೆಟ್ಟಿಗೆ ದೊಡ್ಡ ಕಟ್ಟನ್ನು ಚೂರುಮಾಡಿ, ಮಾತಿಗೆ ಮೊದಲು ದಾರಿ ಬಿಡುತ್ತದೆ. ಇಂದಿನ ಅಗಲವಾದ ದಾರಿಗಳಲ್ಲಿ ಈ ಇಕ್ಕಟ್ಟು ಬಹಳ ಕಡಿಮೆಯಾಗಿದೆ. ಮಾತಿಗೆ ಮೊದಲ ಮಣೆ ಹಾಕುವ ಸೌಜನ್ಯವಂತೂ ಉಳಿದಿದೆ.

ಇಷ್ಟೆಲ್ಲ ಮೆಚ್ಚಿದ ನಾನೇ ಒಮ್ಮೆ ಇದರ ಮುಂದೆ ಕೈಕಟ್ಟಿ ನಿಂತೆ. ನಿವೃತ್ತಿಗೆ ಮುಂಚಿನ ಒಂದು ಆಷಾಢ. ಭಟ್ಕಳದಲ್ಲಿ ಗಾಳಿಮಳೆಗೆ ರಾತ್ರಿಯೇ ವಿದ್ಯುತ್ತು ಹೋಗಿತ್ತು. ಬೆಳಿಗ್ಗೆ ಬ್ಯಾಟರಿಯೂ ಬರಿದಾಗಿ ಪೆಟ್ಟಿಗೆಯ ಹಸಿರು ದೀಪಗಳು ಆರಿದವು. ಲೆಡ್ಜರೆಲ್ಲ ಆ ವೇಳೆಗೆ ದೂರದ ನಗರದ ಗಣಕದಲ್ಲಿ. ಮೀನು ಮಾರುವ ಹೆಂಗಸೊಬ್ಬಳು ಒದ್ದೆ ಸೆರಗಿನಲ್ಲಿ ಪಾಸುಬುಕ್ಕು ಸುತ್ತಿಕೊಂಡು ಬಂದಳು. ಮಗ ಮಣಿಪಾಲದ ಆಸ್ಪತ್ರೆಯಲ್ಲಿ, ಹಣ ಬೇಕು. ಹೊನ್ನಾವರದ ಶಾಖೆಯನ್ನು ಕೇಳೋಣವೆಂದು ರಿಸೀವರ್ ಎತ್ತಿದರೆ ಅದೂ ಮೂಕ. ಮೊಬೈಲಿಗೂ ಸಂಕೇತವಿಲ್ಲ.

“ಒಡ್ಯಾ, ದುಡ್ಡು ನಂದೇ ಅಲ್ರಾ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಎದುರಿನ ದಿನಸಿ ಅಂಗಡಿಯಲ್ಲಿ ಹಳೆಯ ತಾಮ್ರದ ತಂತಿಯ ಫೋನೊಂದು ಉಳಿದಿತ್ತು. ಅಂಥ ಫೋನಿಗೆ ಮನೆಯ ವಿದ್ಯುತ್ತು ಬೇಡ. ವಿನಿಮಯ ಕೇಂದ್ರದ 48 ವೋಲ್ಟಿನ ಬ್ಯಾಟರಿಯ ಶಕ್ತಿ ಅದೇ ತಂತಿಯಲ್ಲಿ ಹರಿದು ಬರುತ್ತದೆ. ಕಿವಿಗಿಟ್ಟೆ, ಗುಂಯ್ ಎಂದಿತು. ಹೊನ್ನಾವರದವರು ಅವಳ ಖಾತೆಯ ಶಿಲ್ಕು ನೋಡಿ, ಅಲ್ಲಿಯೇ ಖರ್ಚು ಹಾಕಿದರು. ನಾನು ಹಣ ಎಣಿಸಿ ಕೊಟ್ಟೆ. ಅವಳು ಎಣಿಸದೆ ಮಡಿಲಲ್ಲಿಟ್ಟುಕೊಂಡು ಬಸ್ಸಿಗೆ ಓಡಿದಳು.

ಪೆಟ್ಟಿಗೆ ಬೇಡವೆಂದು ನಾನು ಹೇಳುತ್ತಿಲ್ಲ. ಎರಡು ದಾರಿ ಒಂದಾದಾಗ ಖರ್ಚು ಉಳಿಯುತ್ತದೆ. ಆದರೆ ಒಂದು ಕೆಟ್ಟಿತೆಂದು ಕೂಗಿ ಹೇಳಲು ಇನ್ನೊಂದು ಉಳಿಯುವುದಿಲ್ಲ. ತಾಮ್ರದ ಜಾಗಕ್ಕೆ ಈಗ ಗಾಜಿನ ಎಳೆ ಬರುತ್ತಿದೆ. ಅದು ಬೆಳಕನ್ನು ಒಯ್ಯುತ್ತದೆ, ಫೋನಿಗೆ ಬೇಕಾದ ವಿದ್ಯುತ್ತನ್ನು ತರುವುದಿಲ್ಲ. ಆದುದರಿಂದ ಶಾಖೆ ನಡೆಸುವವರು ಪೆಟ್ಟಿಗೆಗೆಂದೇ ಪ್ರತ್ಯೇಕ ಬ್ಯಾಟರಿ ಇಡಲಿ. ಬೇರೆ ಹಾದಿಯಿಂದ ಬರುವ ಇನ್ನೊಂದು ಸಂಪರ್ಕವನ್ನು, ಬಡದ್ದಾದರೂ ಸರಿ, ಉಳಿಸಿಕೊಳ್ಳಲಿ. ಮಳೆಗಾಲ ಹಿಡಿಯುವ ಮುನ್ನ ಒಂದು ದಿನ ಬೇಕೆಂದೇ ಮುಖ್ಯ ಸಂಪರ್ಕವನ್ನು ಕಳಚಿಟ್ಟು, ಅದರಲ್ಲಿ ಮಾತಾಡಿ ನೋಡಲಿ. ಒದ್ದೆ ಸೆರಗಿನವಳು ಮತ್ತೆ ಬಂದು ಅದೇ ಪ್ರಶ್ನೆ ಕೇಳಿದರೆ, ನಮ್ಮಲ್ಲಿ ಉತ್ತರವಿರಬೇಕು.